ಕರಿದ ಎಣ್ಣೆಯ ಮೇಡಂ

ಅವರು ತೀರಿಕೊಂಡರು ಎಂಬ ಫೋನ್ ಬಂದಾಗ ನಾನು ಅಹಮದಾಬಾದಿನ ಆಫೀಸಿನಲ್ಲಿ ಒಂದು ಮೀಟಿಂಗಿಗೆ ಹೊರಟಿದ್ದೆ. ಫೋನ್ ಇಟ್ಟ ಮೇಲೆ ಮೊದಲು ಕಣ್ಣ ಮುಂದೆ ಬಂದದ್ದು ಅವರ ಬೂಟು. ಇಳಕಲ್ ಸೀರೆ, ಅದರ ಕೆಳಗೆ ಗಂಡಸರು ವಾಕಿಂಗಿಗೆ ಹಾಕುವಂಥ ಬಿಳಿ ಬೂಟು. ಬಿಳಿ ಎನ್ನುವುದು ಕೊಂಡ ದಿನದ ಮಾತು. ವಾರದೊಳಗೆ ಎಣ್ಣೆ ಹೀರಿ ಅದು ಕಂದಾಗಿರುತ್ತಿತ್ತು. ಎಣ್ಣೆ ಚೆಲ್ಲಿದ ನೆಲದ ಮೇಲೆ ಚಪ್ಪಲಿ ಹಾಕಿ ನಡೆಯಬಾರದು ಎಂದು ಅವರು ಕಲಿತದ್ದು ಸೂರತ್ತಿನ ಒಂದು ಅಡುಗೆಮನೆಯಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡ ಮೇಲೆ.

ನಾವಿಬ್ಬರೂ ಒಂದು ಸರ್ಕಾರಿ ತೈಲ ಕಂಪನಿಯ ಜೈವಿಕ ಇಂಧನ ವಿಭಾಗದಲ್ಲಿದ್ದೆವು. ಅವರು ವಡೋದರಾ ಕಚೇರಿಯ ಮುಖ್ಯಸ್ಥೆ. ನಾನು ಆಗಷ್ಟೇ ಸೇರಿದ ಎಂಜಿನಿಯರ್. ಅವರದು ಗದಗಿನ ಕಡೆಯ ಊರು, ನನ್ನದು ಮಂಡ್ಯ. ಸರ್ಕಾರದ ಹೊಸ ಜೈವಿಕ ಇಂಧನ ನೀತಿ ಬಂದ ಹೊಸತು. ಅಂಗಡಿ, ಹೋಟೆಲುಗಳಲ್ಲಿ ಕರಿದು ಕರಿದು ಕೆಟ್ಟ ಎಣ್ಣೆ ಮತ್ತೆ ಜನರ ಹೊಟ್ಟೆಗೆ ಹೋಗದಂತೆ ತಡೆಯಬೇಕು, ಅದನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡಿ ಲಾರಿ ಬಸ್ಸುಗಳ ಡೀಸೆಲಿಗೆ ಬೆರೆಸಬೇಕು ಎಂಬುದು ಆ ನೀತಿಯ ಒಂದು ಭಾಗ. ವಡೋದರಾ ಮತ್ತು ಸೂರತ್ತಿನಲ್ಲಿ ಆ ಕೆಲಸ ಅವರ ಪಾಲಿಗೆ ಬಂದಿತ್ತು. ಎಲ್ಲ ಬೀದಿಯಲ್ಲೂ ಫಾಫ್ಡಾ, ಭಜಿಯಾ, ಸೇವ್ ಕರಿಯುವ ರಾಜ್ಯದಲ್ಲಿ ಈ ಕೆಲಸಕ್ಕೆ ಕೊನೆಯಿಲ್ಲ.

ಕೆಲಸಕ್ಕೆ ಸೇರಿದ ದಿನ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಈ ನೀತಿಯ ಬಗ್ಗೆ ಲ್ಯಾಪ್‌ಟಾಪಿನಲ್ಲಿ ಏನೇನೋ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಮೊದಲ ಪುಟ ನೋಡಿ ಕನ್ನಡಕ ತೆಗೆದರು.

"ತಮ್ಮಾ, ಭಜಿ ತಿಂತೀಯೇನು?"

"ಈಗಲಾ ಮೇಡಂ? ಈಗ್ತಾನೆ ತಿಂಡಿ ಆಯ್ತು."

"ಭಜಿಗೆ ವ್ಯಾಳ್ಯಾ ಎಲ್ಲೈತಿ. ನಡಿ."

ಫತೇಗಂಜ್‌ನ ಹಾಸ್ಟೆಲುಗಳ ಎದುರಿನ ಒಂದು ಸಣ್ಣ ಅಂಗಡಿಗೆ ಕರೆದುಕೊಂಡು ಹೋದರು. ನನ್ನ ಬಾಡಿಗೆ ಕೋಣೆಯೂ ಅದೇ ಬೀದಿಯ ಹಿಂದೆ ಇತ್ತು. ಮೆಣಸಿನಕಾಯಿ ಭಜಿಯಾ ತರಿಸಿ ಸಾವಕಾಶವಾಗಿ ತಿಂದರು. ಬಾಣಲೆಯವನ ಜೊತೆ ಅವನ ಊರು, ಮಕ್ಕಳ ಶಾಲೆ, ಕಡಲೆಹಿಟ್ಟಿನ ಧಾರಣೆ ಎಲ್ಲ ಮಾತಾಡಿದರು. ಎಣ್ಣೆಯ ಮಾತು ಬಂದದ್ದು ಕೊನೆಗೆ, ಕೈ ತೊಳೆಯುವಾಗ. ಅವನ ಹತ್ತಿರವೇ ಒಂದು ಚಿಟಿಕೆ ಕಡಲೆಹಿಟ್ಟು ಕೇಳಿ ಅದರಿಂದ ಕೈ ಉಜ್ಜಿಕೊಂಡರು. ಸಾಬೂನಿಗೆ ಕರಿದ ಎಣ್ಣೆಯ ಜಿಡ್ಡು ಹೋಗುವುದಿಲ್ಲ ಎಂಬುದು ಅವರ ನಂಬಿಕೆ. ಹೊರಗೆ ಬಂದ ಮೇಲೆ ಹೇಳಿದರು: "ನೀತಿ ಅಂದ್ರ ದಿಲ್ಲ್ಯಾಗ ಬರದಿದ್ದಲ್ಲೋ ತಮ್ಮಾ. ಇಂವ ನಾಳೆ ತನ್ನ ಎಣ್ಣಿ ಡಬ್ಬಿ ಮುಚ್ಚಳ ತಗದು ನಮ್ಮ ಕ್ಯಾನಿಗೆ ಸುರುವಿದನಂದ್ರ ಅದು ನೀತಿ. ಸುರುವಲಿಲ್ಲ ಅಂದ್ರ ಅದು ಬರೇ ಕಾಗದ."

ಅವನು ಮರುದಿನ ಸುರಿಯಲಿಲ್ಲ. ಅದಾದ ಮೇಲೂ ಎಷ್ಟೋ ದಿನ ಸುರಿಯಲಿಲ್ಲ. ಅವರು ಹೋಗಿ ಭಜಿಯಾ ತಿಂದು ಬರುತ್ತಲೇ ಇದ್ದರು.

ಅವರ ಗುಜರಾತಿಗೆ ಗದಗಿನ ರಾಗವಿತ್ತು. "ಸಾರೂ ಛೇ, ಹೌದಿಲ್ಲೋ?" ಎಂದು, ಚೆನ್ನಾಗಿದೆ ಎನ್ನುವ ಗುಜರಾತಿ ಮಾತಿಗೆ ಕನ್ನಡದ ಬಾಲ ಹಚ್ಚಿ, ಮಾತು ಮುಗಿಸುತ್ತಿದ್ದರು. ಅಂಗಡಿಯವರಿಗೆ ಆ "ಹೌದಿಲ್ಲೋ" ಏನೆಂದು ತಿಳಿಯುತ್ತಿರಲಿಲ್ಲ, ಆದರೆ ಬಹಳ ಜನ ಅದನ್ನೇ ಕಲಿತು ವಾಪಸ್ ಹೇಳುತ್ತಿದ್ದರು. ಅವರೆಲ್ಲ ಇಟ್ಟ ಹೆಸರು "ತೇಲ್‌ವಾಲಾ ಬೆನ್". ಎಣ್ಣೆಯಕ್ಕ ಎಂದರ್ಥ. ಮೇಡಂಗೆ ಅದು ತಮ್ಮ ಹುದ್ದೆಯ ಉದ್ದ ಹೆಸರಿಗಿಂತ ಹೆಚ್ಚು ಇಷ್ಟವಾಗಿತ್ತು.

ವಡೋದರಾದ ಕನ್ನಡಿಗರ ಯುಗಾದಿ ಊಟಕ್ಕೂ ಅವರು ಒಂದು ಪ್ಲಾಸ್ಟಿಕ್ ಕ್ಯಾನು ಹಿಡಿದೇ ಬರುತ್ತಿದ್ದರು. ಪಂಕ್ತಿ ಮುಗಿದ ಮೇಲೆ ಅಡುಗೆಯವರ ಹತ್ತಿರ ಹೋಗಿ ಆಂಬೊಡೆ ಕರಿದು ಉಳಿದ ಎಣ್ಣೆ ತುಂಬಿಸಿಕೊಳ್ಳುತ್ತಿದ್ದರು. ಬ್ಯಾಂಕಿನವರ, ರೈಲ್ವೆಯವರ ಹೆಂಡಂದಿರು ಮುಸಿಮುಸಿ ನಗುತ್ತಿದ್ದರು. ಒಮ್ಮೆ ಅಲ್ಲೇ ಹುಟ್ಟಿ ಬೆಳೆದ ಒಬ್ಬ ಹುಡುಗಿ, "ಆಂಟಿ, ಯೇ ಗಂದಾ ತೇಲ್ ಕ್ಯೋಂ ಲೇ ಜಾ ರಹೀ ಹೋ?" ಎಂದಳು, ಈ ಕೊಳೆ ಎಣ್ಣೆ ಯಾಕೆ ಒಯ್ಯುತ್ತೀರಿ ಎಂದು. "ಎಣ್ಣಿ ಅನ್ನು, ಹೇಳ್ತೀನಿ" ಎಂದರು ಮೇಡಂ. ಹುಡುಗಿ "ಎನ್ನಿ" ಎಂದಳು. ಅವರು ನೆಲದ ಮೇಲೆ ಕೂತು, ಕೊಳೆ ಎಣ್ಣೆ ಹೇಗೆ ಬಸ್ಸು ಓಡಿಸುತ್ತದೆ ಎಂದು ಅವಳಿಗೆ ಪೂರ್ತಿ ವಿವರಿಸಿದರು. ಅಷ್ಟರಲ್ಲಿ ಪಾಯಸ ಖಾಲಿಯಾಗಿತ್ತು.

ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ನೋಡಾಕ ಬಂದಾವ್ರೆಲ್ಲಾ ಕರದದ್ದು ತಿನ್ನಬ್ಯಾಡ ಅನ್ನಾವ್ರೇ" ಎಂದು ಮಾತು ಹಾರಿಸುತ್ತಿದ್ದರು.

ಸೂರತ್ತಿನ ಅಡಾಜಣ್‌ನಲ್ಲಿ ಕಾಂತಾಬೆನ್ ಎಂಬ ವಿಧವೆಯ ಫರಸಾಣ್ ಅಂಗಡಿ ಇತ್ತು. ಫರಸಾಣ್ ಎಂದರೆ ಕರಿದ ಕುರುಕಲು ತಿಂಡಿ. ಆ ಭಾಗಕ್ಕೆಲ್ಲ ದೊಡ್ಡ ಅಂಗಡಿ ಅದು. ಆಕೆ ಎಣ್ಣೆ ಕೊಟ್ಟರೆ ಉಳಿದವರೂ ಕೊಡುತ್ತಾರೆ ಎಂಬ ಸ್ಥಿತಿ. ಆಕೆ ಕೊಡುತ್ತಿರಲಿಲ್ಲ. ಕಾರಣವೂ ಸಣ್ಣದಲ್ಲ. ಆಕೆಯ ಅಂಗಡಿಯ ಹಳೆ ಎಣ್ಣೆಯನ್ನು ತಳ್ಳುಗಾಡಿಯ ಒಬ್ಬ ಭಜಿಯಾದವನು ಅಗ್ಗಕ್ಕೆ ಒಯ್ಯುತ್ತಿದ್ದ.

"ನಿಮಗೆ ಕೊಟ್ಟರೆ ಅವನು ಯಾವುದರಲ್ಲಿ ಕರಿಯಬೇಕು ಬೆನ್? ಅವನಿಗೂ ಸಂಸಾರ ಇದೆ" ಎಂದಳು ಕಾಂತಾಬೆನ್.

ಮೇಡಂ ವಾದ ಮಾಡಲಿಲ್ಲ. ಆ ಸಂಜೆ ನನ್ನನ್ನು ಕರೆದುಕೊಂಡು ತಾಪಿ ನದಿಯ ದಂಡೆಯಲ್ಲಿ ಆ ಗಾಡಿ ಹುಡುಕಿ, ಅಲ್ಲಿ ನಿಂತು ಒಂದು ಪೊಟ್ಟಣ ಭಜಿಯಾ ತಿಂದರು. ನಾನು ಬೇಡವೆಂದೆ. ಮರುದಿನ ಗಂಟಲು ಕಟ್ಟಿಕೊಂಡು, ಮಾತು ಹೊರಡದೆ, ಕಾಂತಾಬೆನ್ ಮುಂದೆ ಮತ್ತೆ ಹೋಗಿ ಕೂತರು. ಪಿಸುದನಿಯಲ್ಲಿ ಕೇಳಿದರು: "ಆ ಗಾಡಿಯ ಭಜಿಯಾ ನಿನ್ನ ಮೊಮ್ಮಗನಿಗೆ ಕೊಡಿಸುತ್ತೀಯಾ?"

ಕಾಂತಾಬೆನ್ ಬಾಣಲೆಯಲ್ಲಿದ್ದದ್ದನ್ನು ಜಾಲರಿ ಸೌಟಿನಿಂದ ಎತ್ತಿ ಹಾಕಿದಳು. ಆಮೇಲೆ, "ಹಾಗಾದರೆ ಅವನಿಗೆ ದಾರಿ ನೀವೇ ಹೇಳಿ" ಎಂದಳು.

ದಾರಿ ಹೇಳಿದ್ದು ಮೇಡಂ, ನಡೆಸಿದ್ದು ಕಾಂತಾಬೆನ್. ಆಕೆ ತನ್ನ ಅಂಗಡಿಗೆ ಸಗಟಿನಲ್ಲಿ ಹೊಸ ಎಣ್ಣೆ ತರಿಸುವಾಗ ಗಾಡಿಯವನ ಡಬ್ಬಿಯನ್ನೂ ಸೇರಿಸಿ ತರಿಸತೊಡಗಿದಳು. ತನಗೆ ಬಿದ್ದ ಬೆಲೆಗೇ ಅವನಿಗೂ. ಅವನ ಭಜಿಯಾ ಸ್ವಲ್ಪ ತುಟ್ಟಿಯಾಯಿತು, ಗಿರಾಕಿ ಕಡಿಮೆಯಾಗಲಿಲ್ಲ. ಕಾಂತಾಬೆನ್‌ಳ ಹಳೆ ಎಣ್ಣೆ ನಮ್ಮ ಕ್ಯಾನಿಗೆ ಬಿತ್ತು. ಆಕೆ ಮತ್ತು ಮೇಡಂ ಅಂದಿನಿಂದ ಗೆಳತಿಯರು. ದಸರೆಯ ದಿನ ಗುಜರಾತಿನಲ್ಲಿ ಎಲ್ಲರೂ ಫಾಫ್ಡಾ ಜಿಲೇಬಿ ತಿನ್ನುತ್ತಾರೆ, ಬಾಣಲೆಗಳಿಗೆ ಪುರುಸೊತ್ತಿರುವುದಿಲ್ಲ. ಮರುದಿನ ಎಣ್ಣೆ ಸಂಗ್ರಹಕ್ಕೆ ಹೋಗುವಾಗ ಮೇಡಂ ಸೆರಗಿನಲ್ಲಿ ಬನ್ನಿ ಎಲೆ ಕಟ್ಟಿಕೊಂಡು ಹೋಗಿ ಅಂಗಡಿ ಅಂಗಡಿಗೆ ಹಂಚುತ್ತಿದ್ದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುವುದನ್ನು ಗುಜರಾತಿಯಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಕನ್ನಡದಲ್ಲೇ ಹೇಳುತ್ತಿದ್ದರು.

ಹೀಗೆ ಸಂಗ್ರಹವಾದ ಎಣ್ಣೆ ಹೋಗುತ್ತಿದ್ದದ್ದು ಹಜೀರಾ ರಸ್ತೆಯ ರಮಣೀಕ್‌ಭಾಯಿಯ ಪ್ಲಾಂಟಿಗೆ. ರಮಣೀಕ್‌ಭಾಯಿ ಮೊದಲು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ನಡೆಸುತ್ತಿದ್ದವರು. ಎತ್ತರದ, ಮೆಲುದನಿಯ ಮನುಷ್ಯ. ಮೇಡಂ ರಮಣೀಕ್‌ಭಾಯಿಗೆ ಹೊಸ ನೀತಿಯನ್ನು ವಿವರಿಸಿ, ಬಯೋಡೀಸೆಲ್ಲನ್ನು ನಮ್ಮ ಕಂಪನಿಯೇ ಕೊಳ್ಳುತ್ತದೆ ಎಂದು ಧೈರ್ಯ ಹೇಳಿದ ಮೇಲೆ ಅವರು ಬಣ್ಣದ ಕಾರ್ಖಾನೆ ಮಾರಿ ಪ್ಲಾಂಟು ಕಟ್ಟಿದ್ದರು. ಪೂಜೆಯ ದಿನ ಅವರು ಮೇಡಂ ಕಡೆ ತಿರುಗಿ, "ಬೆನ್, ನಿಮ್ಮ ಮಾತಿನ ಮೇಲೆ ಇಳಿದಿದ್ದೇನೆ" ಎಂದರು. ಆ ವರ್ಷದಿಂದ ಮೇಡಂ ರಮಣೀಕ್‌ಭಾಯಿಗೆ ರಾಖಿ ಕಟ್ಟತೊಡಗಿದರು.

ಪ್ಲಾಂಟು ಚೆನ್ನಾಗಿ ನಡೆಯಿತು. ಎಷ್ಟು ಚೆನ್ನಾಗಿ ಎಂದರೆ, ಅದನ್ನು ನೋಡಲು ಬೇರೆ ರಾಜ್ಯದವರು ಬರತೊಡಗಿದರು. ಸುಸ್ಥಿರ ಇಂಧನ ಎಂದರೆ ಹೀಗಿರಬೇಕು ಎಂದು ಸಭೆಗಳಲ್ಲಿ ಮಾತಾಡಿದರು. ಕೊನೆಗೆ ದಿಲ್ಲಿಯಿಂದ ದೊಡ್ಡವರೊಬ್ಬರು ಬಂದು ನೋಡುತ್ತಾರೆ ಎಂದು ನಿಶ್ಚಯವಾಯಿತು. ಮೇಡಂ ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಕೆಲಸದ ಬದುಕಿನ ಕೊನೆಗೆ ಇಂಥದೊಂದು ದಿನ ಬರುತ್ತಿದೆ ಎಂಬ ಸಂತೋಷ ಅವರ ನಡಿಗೆಯಲ್ಲೇ ಕಾಣುತ್ತಿತ್ತು.

ಆ ಭೇಟಿಯ ಮುಂಚಿನ ವಾರ ಎಲ್ಲ ಸರಿಯಾಗಿದೆಯೇ ಎಂದು ನೋಡಲು ನಾವಿಬ್ಬರೂ ಪ್ಲಾಂಟಿಗೆ ಹೋದೆವು. ಹೊಸ ಬಣ್ಣ ಬಳಿದಿದ್ದರು. ಗೇಟಿನ ಬಳಿ ಹೂಕುಂಡ ಇಟ್ಟಿದ್ದರು. ಹಿಂದಿನ ಅಂಗಳದಲ್ಲಿ, ಬಂದ ಎಣ್ಣೆಯನ್ನು ತುಂಬಿಡುವ ಟ್ಯಾಂಕುಗಳಿದ್ದವು. ಮೇಡಂ ಅಭ್ಯಾಸದಂತೆ ಒಂದರ ನಲ್ಲಿ ತಿರುವಿ ಅಂಗೈಗೆ ಸ್ವಲ್ಪ ಎಣ್ಣೆ ಹಿಡಿದರು. ಬೆರಳಲ್ಲಿ ಉಜ್ಜಿದರು, ಮೂಸಿದರು, ಮತ್ತೆ ಮೂಸಿದರು. ನನ್ನ ಕಡೆ ಕೈ ಚಾಚಿದರು.

"ತಮ್ಮಾ, ಇದರಾಗ ಏನು ಕರದಾರ ಹೇಳು."

ನಾನು ಮೂಸಿದೆ. ಬಣ್ಣವೇನೋ ಕಪ್ಪಗಿತ್ತು. "ಏನೂ ಗೊತ್ತಾಗ್ತಿಲ್ಲ ಮೇಡಂ."

"ಓಮಿನ ವಾಸನಿ ಐತೇನು? ಇಂಗು? ಖಾರ?"

"ಇಲ್ಲ."

"ಇರೂದಿಲ್ಲ. ಯಾಕಂದ್ರ ಇದರಾಗ ಏನೂ ಕರದಿಲ್ಲ." ಅವರ ದನಿ ಸಣ್ಣದಾಯಿತು. "ಇದು ಹೊಸಾ ಎಣ್ಣಿ. ಕಾಸಿ ಕರ್ರಗ ಮಾಡ್ಯಾರ."

ನಾನೇ ಅದರ ಮಾದರಿಯನ್ನು ಲ್ಯಾಬಿನಲ್ಲಿ ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಹಡಗಿನಲ್ಲಿ ಬಂದಿಳಿಯುವ ತಾಳೆ ಎಣ್ಣೆ ಅದು. ಊರಿನ ಬಾಣಲೆಗಳಲ್ಲಿ ಕೆಟ್ಟ ಎಣ್ಣೆಯಿಂದ ತಯಾರಾಗಬೇಕಿದ್ದ ಬಯೋಡೀಸೆಲ್ಲು, ಎಲ್ಲೋ ದೂರದ ದೇಶದಲ್ಲಿ ಕಾಡು ಕಡಿದು ನೆಟ್ಟ ತೋಟದ, ಜನ ತಿನ್ನಬಹುದಾದ ಎಣ್ಣೆಯಿಂದ ತಯಾರಾಗುತ್ತಿತ್ತು. ತಿನ್ನುವ ಎಣ್ಣೆ ಇಂಧನಕ್ಕೆ ಹೋಗಬಾರದು ಎಂಬುದೂ ಆ ನೀತಿಯಲ್ಲಿತ್ತು, ಇಲ್ಲಿ ಅದೇ ನಡೆಯುತ್ತಿತ್ತು.

ರಮಣೀಕ್‌ಭಾಯಿಯ ಕೋಣೆಯಲ್ಲಿ ಚಹಾ ಬಂತು. ಮೇಡಂ ಮುಟ್ಟಲಿಲ್ಲ. ಕಪ್ಪನ್ನೇ ನೋಡುತ್ತಾ ಕೇಳಿದರು: "ಯಾವಾಗಿನಿಂದ ಭಾಯಿ?"

ರಮಣೀಕ್‌ಭಾಯಿ ಸುಳ್ಳು ಹೇಳಲಿಲ್ಲ. "ಮಳೆಗಾಲದ ನಂತರ" ಎಂದರು. "ಎಣ್ಣೆ ಸಾಲುತ್ತಿಲ್ಲ ಬೆನ್. ನೀವು ಎಷ್ಟು ಓಡಾಡಿದರೂ ಅಂಗಡಿಗಳಿಂದ ಬರುವುದು ಪ್ಲಾಂಟಿಗೆ ಅರ್ಧಕ್ಕೂ ಆಗುವುದಿಲ್ಲ. ಒಪ್ಪಿದಷ್ಟು ಡೀಸೆಲ್ ಕೊಡದಿದ್ದರೆ ನಿಮ್ಮ ಕಂಪನಿ ಒಪ್ಪಂದ ಮುರಿಯುತ್ತದೆ. ಇವರೆಲ್ಲರನ್ನು ಎಲ್ಲಿಗೆ ಕಳಿಸಲಿ?" ಎಂದು ಕಿಟಕಿಯ ಆಚೆ ಕೆಲಸ ಮಾಡುತ್ತಿದ್ದವರ ಕಡೆ ಕೈ ತೋರಿಸಿದರು.

"ನನಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ನೀವು ಅಷ್ಟು ಖುಷಿಯಾಗಿದ್ದಿರಿ."

ಮೇಡಂ ಎದ್ದು ಹೊರಗೆ ಬಂದರು. ಕಾರು ಹತ್ತಿ ಸ್ಟೇಷನ್ನಿಗೆ ಬಂದೆವು.

ಅಹಮದಾಬಾದಿನ ನಮ್ಮ ದೊಡ್ಡ ಸಾಹೇಬರಿಗೆ ಅವರು ಪ್ಲಾಟ್‌ಫಾರ್ಮಿನಿಂದಲೇ ಫೋನ್ ಮಾಡಿ ವಿಷಯ ತಿಳಿಸಿದರು. ಭೇಟಿ ಮುಗಿದುಹೋಗಲಿ, ಆಮೇಲೆ ನೋಡೋಣ, ಎರಡು ದಿನದ ನಂತರ ಹೇಗೂ ಮೀಟಿಂಗ್ ಇದೆಯಲ್ಲ ಎಂದು ಆ ಕಡೆಯಿಂದ ಉತ್ತರ ಬಂತು. ರೈಲು ಹತ್ತಿದ ಮೇಲೆ ನಾನೂ ಅದನ್ನೇ ಹೇಳಿದೆ.

"ಮೇಡಂ, ಸಾಹೇಬರು ಹೇಳೋದ್ರಲ್ಲೂ ಅರ್ಥ ಇದೆ. ಭೇಟಿ ಆಗಿಬಿಡಲಿ. ಆಮೇಲೆ ರಮಣೀಕ್‌ಭಾಯಿಗೆ ಹೇಳಿ ನಿಲ್ಲಿಸಿದ್ರಾಯ್ತು. ಯಾರಿಗೂ ತೊಂದ್ರೆ ಇಲ್ಲ."

ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಭರೂಚ್ ಬರುವ ಮುಂಚೆ ನರ್ಮದೆಯ ಸೇತುವೆ ಬಂತು. ಅದು ಮುಗಿದ ಮೇಲೆ ಮಾತಾಡಿದರು.

"ನಾ ಈ ಕಂಪನಿಗೆ ಬಂದ ಹೊಸದಾಗ ಕಾಡುಹರಳಿನ ಕಾಲ ಇತ್ತು ತಮ್ಮಾ. ಇಲ್ಲೆ ರತನ್‌ಜ್ಯೋತ್ ಅಂತಾರ. ಬಂಜರು ಭೂಮ್ಯಾಗ ಅದನ್ನ ಹಚ್ಚಿದ್ರ ಕಾಯಿಂದ ಡೀಸೆಲ್ ಬರತೈತಿ ಅಂತ ದೇಶಾ ತುಂಬ ಹೇಳಿದ್ರು. ಪೂರ್ವದ ಗುಡ್ಡದ ಕಡೆ ನಾವ ಹೋಗಿ ಹಚ್ಚಿಸಿದ್ವಿ. ಜನ ದನಾ ಮೇಸೂ ಜಾಗಾ ಬಿಟ್ಟುಕೊಟ್ರು."

"ಕಾಯಿ ಬಿಡಲಿಲ್ವಾ?"

"ಬಿಟ್ಟಿದ್ದು ನಾಕು ಕಾಯಿ. ಆದ್ರ ಮ್ಯಾಲಿನವ್ರು ಕೇಳಿದಾಗ, ಗಿಡಾ ಚೆಂದ ಬಂದಾವ್ರಿ ಅಂತ ಎಲ್ಲಾರೂ ಹೇಳಿದ್ರು. ಕೆಳಗಿನವ್ರು ಹೇಳಿದ್ದು ನಾ ಹೇಳಿದೆ. ನಾ ಹೇಳಿದ್ದು ನನ್ನ ಮ್ಯಾಲಿನವ್ರು ಹೇಳಿದ್ರು. ಹಿಂಗ ಅದು ದಿಲ್ಲಿ ಮುಟ್ಟೂದ್ರಾಗ ಕಾಡುಹರಳು ಕಲ್ಪವೃಕ್ಷ ಆತು. ಇನ್ನೂ ಹಚ್ಚರಿ ಅಂತ ವಾಪಸ್ ಬಂತು." ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಅಲ್ಲೊಬ್ಬ ಮುದುಕ ಇದ್ದ. ಬಾವಿಯಿಂದ ನೀರು ಹೊತ್ತು ಅದಕ್ಕ ಹಾಕತಿದ್ದ. ಡೀಸೆಲ್‌ನವ್ರು ಯಾವಾಗ ಬರತಾರ ಬೆನ್ ಅಂತ ಕೇಳಾಂವ. ಏನ ಹೇಳಲಿ ಅವಗ?"

ವಡೋದರಾದಲ್ಲಿ ಇಳಿಯುವಾಗ ಹೇಳಿದರು: "ಎಣ್ಣಿ ಸಾಲವಲ್ಲದು ಅನ್ನೂದು ನಿಜ. ಆ ನಿಜ ದಿಲ್ಲಿಗೆ ಗೊತ್ತಾಗಬೇಕು. ಇಲ್ಲಾಂದ್ರ ಇಂಥಾ ಪ್ಲಾಂಟು ಊರಿಗೊಂದು ಕಟ್ಟರಿ ಅಂತಾರ. ಎಲ್ಲಾ ರಮಣೀಕ್‌ಭಾಯಿಗೋಳೂ ತಾಳಿ ಎಣ್ಣಿ ಸುರುವತಾರ."

ಅಹಮದಾಬಾದಿನ ಆ ಮೀಟಿಂಗಿನಲ್ಲಿ ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದೆ. ಭೇಟಿಯ ದಿನ ಯಾರು ಎಲ್ಲಿ ನಿಲ್ಲಬೇಕು, ಹೂಗುಚ್ಛ ಯಾರು ಕೊಡಬೇಕು ಎಂಬ ಚರ್ಚೆ ನಡೆಯುತ್ತಿತ್ತು. ಮೇಡಂ ಎದ್ದು ನಿಂತರು. ತಮ್ಮ ಒರಟು ಹಿಂದಿಯಲ್ಲಿ, ಪ್ಲಾಂಟಿನ ಅರ್ಧ ಎಣ್ಣೆ ಕರಿದದ್ದಲ್ಲ, ಹೊಸ ತಾಳೆ ಎಣ್ಣೆ ಎಂದರು. ಅದನ್ನು ಸುಸ್ಥಿರ ಇಂಧನ ಎಂದು ಯಾರ ಮುಂದೆಯೂ ತೋರಿಸಲು ತಮ್ಮಿಂದ ಆಗುವುದಿಲ್ಲ ಎಂದರು.

"ಅಂದರೆ ನಿಮ್ಮ ಯೋಜನೆ ಸೋತಿದೆ ಎಂದು ನೀವೇ ಹೇಳುತ್ತಿದ್ದೀರಾ?" ಎಂದು ದೊಡ್ಡ ಸಾಹೇಬರು ಕೇಳಿದರು.

"ಅರ್ಧ ಸೋತಿದೆ ಸಾಹೇಬ್ರೇ. ಇನ್ನರ್ಧ ಗೆದ್ದಿದೆ. ಗೆದ್ದ ಅರ್ಧವನ್ನು ಬೇಕಾದರೆ ತೋರಿಸುತ್ತೇನೆ. ಕಾಂತಾಬೆನ್ ಅಂಗಡಿಗೆ ಕರೆದುಕೊಂಡು ಬನ್ನಿ."

ಯಾರೂ ನಗಲಿಲ್ಲ. ಭೇಟಿ ರದ್ದಾಯಿತು. ರಮಣೀಕ್‌ಭಾಯಿಯ ಒಪ್ಪಂದವನ್ನು ತಡೆಹಿಡಿದರು, ಪ್ಲಾಂಟು ನಿಂತಿತು. ಮೇಡಂಗೆ ಗ್ರಂಥಾಲಯದ ಪಕ್ಕದ ಒಂದು ಕೋಣೆ, ಕಂಪನಿಯ ಮನೆಪತ್ರಿಕೆಯ ಕೆಲಸ ಸಿಕ್ಕಿತು. ಉಳಿದ ಅವಧಿಯನ್ನು ಅವರು ನಿವೃತ್ತರ ಫೋಟೋಗಳಿಗೆ ಅಡಿಬರಹ ಬರೆಯುತ್ತಾ ಕಳೆದರು. ನನಗೆ ಹೊಸ ಮುಖ್ಯಸ್ಥರು ಬಂದರು. ಅವರು ಭಜಿಯಾ ತಿನ್ನುತ್ತಿರಲಿಲ್ಲ.

ಸಭೆಯಲ್ಲಿ ಹೇಳುವ ಬದಲು ರಮಣೀಕ್‌ಭಾಯಿಗೆ ಮೊದಲೇ ಹೇಳಿ, ಅವರೇ ಒಪ್ಪಿಕೊಳ್ಳುವಂತೆ ಮಾಡಬಹುದಿತ್ತಲ್ಲ ಎಂದು ಸೂರತ್ತಿನಲ್ಲಿ ಕೆಲವರು ಆಡಿಕೊಂಡರು. ಆದರೆ ಮೇಡಂ ಹಿಂದಿನ ರಾತ್ರಿಯೇ ರಮಣೀಕ್‌ಭಾಯಿಗೆ ಫೋನ್ ಮಾಡಿ, "ಭಾಯಿ, ನಾಳೆ ಸಭೆಯಲ್ಲಿ ಹೇಳುತ್ತೇನೆ" ಎಂದು ತಿಳಿಸಿದ್ದರು. ಅವರು ಫೋನ್ ಇಟ್ಟುಬಿಟ್ಟಿದ್ದರು.

ಆ ವರ್ಷ ರಕ್ಷಾಬಂಧನಕ್ಕೆ ರಮಣೀಕ್‌ಭಾಯಿ ವಡೋದರಾಕ್ಕೆ ಬರಲಿಲ್ಲ. ಪ್ರತಿ ವರ್ಷ ಬೆಳಿಗ್ಗೆಯೇ ಸೂರತ್ತಿನ ಘಾರಿ ಎಂಬ ಸಿಹಿಯ ಡಬ್ಬಿ ಹಿಡಿದು ಬರುತ್ತಿದ್ದವರು. ಮೇಡಂ ಮಧ್ಯಾಹ್ನದವರೆಗೆ ಕಾದು ನನಗೆ ಫೋನ್ ಮಾಡಿದರು.

"ಸೂರತ್ತಿಗೆ ಹೋಗೂಣು ಬಾ. ಒಬ್ಬಾಕಿಗೆ ಧೈರ್ಯಾ ಸಾಲವಲ್ಲದು."

ರಮಣೀಕ್‌ಭಾಯಿಯ ಹೆಂಡತಿ ಬಾಗಿಲು ತೆಗೆದರು. ಒಳಗೆ ಬನ್ನಿ ಎಂದರು, ಅಷ್ಟೇ. ನಡುಮನೆಯ ತೂಗುಮಂಚದ ಮೇಲೆ ಮೇಡಂ ಕೂತರು. ಕಾಲು ನೆಲಕ್ಕೆ ಒತ್ತಿ ಹಿಡಿದು ಅದು ಅಲ್ಲಾಡದಂತೆ ಕೂತಿದ್ದರು. ಒಳಕೋಣೆಯಲ್ಲಿ ರಮಣೀಕ್‌ಭಾಯಿ ಕೆಮ್ಮುವುದು ಕೇಳುತ್ತಿತ್ತು. ನೀರು ಬಂತು, ಚಹಾ ಬಂತು, ಅವರು ಬರಲಿಲ್ಲ. ಇನ್ನು ಹೊರಡೋಣ ಎಂದು ನಾನು ಕಣ್ಣಲ್ಲೇ ಕೇಳಿದೆ. ಮೇಡಂ ಬೇಡವೆಂದು ತಲೆಯಾಡಿಸಿದರು.

ಹೊರಗೆ ಬಿಸಿಲು ಇಳಿದ ಮೇಲೆ ಅವರು ಬಂದರು. ಬಹಳ ಇಳಿದುಹೋಗಿದ್ದರು. ಎದುರಿನ ಕುರ್ಚಿಯಲ್ಲಿ ಕೂತು, ಮುಖ ಬೇರೆ ಕಡೆ ತಿರುಗಿಸಿ, ಬಲಗೈ ಮುಂದೆ ಚಾಚಿದರು. ಮೇಡಂ ರಾಖಿ ಕಟ್ಟಿದರು. ಗಂಟು ಹಾಕಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಆಮೇಲೆ ಮೇಡಂ ಹೇಳಿದ್ದು ಕೆಲಸದ ಮಾತು. "ಭಾಯಿ, ಸಣ್ಣದು ಮಾಡು. ಸೂರತ್ತು ಎಷ್ಟು ಕೊಡುತ್ತದೋ ಅಷ್ಟಕ್ಕೆ ಮಾತ್ರ ಒಪ್ಪಂದ ಕೇಳು. ಒಂದು ಶೆಡ್ಡು, ಒಂದು ಯಂತ್ರ. ದೊಡ್ಡ ಟ್ಯಾಂಕು ಮಾರಿಬಿಡು."

"ಯಾರು ಕೊಡುತ್ತಾರೆ ನನಗೆ ಒಪ್ಪಂದ, ಈ ಹೆಸರಾದ ಮೇಲೆ?"

"ಕೇಳೋಣ. ಇಲ್ಲ ಅನ್ನುವ ತನಕ ಕೇಳೋಣ."

ಬಹಳ ಸಲ ಇಲ್ಲ ಎಂದರು. ಆದರೆ ದಿಲ್ಲಿಯಲ್ಲಿ ಯಾರೋ ಮೇಡಂ ಆ ಸಭೆಯಲ್ಲಿ ಆಡಿದ ಮಾತನ್ನು ಗಂಭೀರವಾಗಿ ತೆಗೆದುಕೊಂಡಿರಬೇಕು. ಸಿಗುವಷ್ಟೇ ಎಣ್ಣೆಗೆ ತಕ್ಕಂತೆ ಸಣ್ಣ ಪ್ಲಾಂಟುಗಳ ಜೊತೆ ಸಣ್ಣ ಒಪ್ಪಂದ ಮಾಡಿಕೊಳ್ಳಬಹುದು, ಟ್ಯಾಂಕಿನ ಎಣ್ಣೆಯನ್ನು ಹೊರಗಿನವರು ಬಂದು ಪರೀಕ್ಷಿಸಬೇಕು ಎಂದು ನಮ್ಮ ಕಂಪನಿ ಕ್ರಮ ಬದಲಿಸಿತು. ರಮಣೀಕ್‌ಭಾಯಿ ಮತ್ತೆ ಶುರು ಮಾಡಿದರು. ಮೊದಲಿನ ಕೆಲಸಗಾರರಲ್ಲಿ ಕೆಲವರಿಗೆ ಮಾತ್ರ ಜಾಗವಿತ್ತು. ಉಳಿದವರು ಹಜೀರಾದ ಬೇರೆ ಬೇರೆ ಕಾರ್ಖಾನೆಗಳಿಗೆ ಹೋದರು. ಒಬ್ಬಿಬ್ಬರು ಮೇಡಂ ಕಂಡರೆ ಮಾತಾಡಿಸುತ್ತಿರಲಿಲ್ಲ. ಅದನ್ನು ಅವರು ಸರಿ ಎಂದೇ ಒಪ್ಪಿಕೊಂಡಿದ್ದರು.

ನಿವೃತ್ತಿಯಾದ ಮೇಲೆ ಊರಿಗೆ ಹೋಗುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು. ಅವರು ಫತೇಗಂಜ್‌ನಲ್ಲಿ ಎರಡು ಕೋಣೆಯ ಮನೆ ಹಿಡಿದು ಅಲ್ಲೇ ಉಳಿದರು. "ಗದಗಿನಾಗ ನನ್ನ ಯಾರು ಎಣ್ಣಿಯಕ್ಕಾ ಅಂತಾರೋ" ಎಂದರು. ಹಾಸ್ಟೆಲುಗಳ ಮೆಸ್ಸುಗಳಿಗೆ ಹೋಗಿ ಅಡುಗೆಯವರ ಜೊತೆ ಹರಟೆ ಹೊಡೆದು ಕ್ಯಾನು ತುಂಬಿಸುತ್ತಿದ್ದರು. ಅಲ್ಲಿ ಕಲಿಯಲು ಬಂದಿದ್ದ ಕನ್ನಡದ ಹುಡುಗ ಹುಡುಗಿಯರನ್ನು ಭಾನುವಾರ ಮನೆಗೆ ಕರೆದು ಮಿರ್ಚಿ ಭಜಿ ಕರಿದು ಹಾಕಿ, ಉಳಿದ ಎಣ್ಣೆಯನ್ನು ಅವರ ಕೈಲೇ ಸೋಸಿಸಿ ಡಬ್ಬಿಗೆ ತುಂಬಿಸುತ್ತಿದ್ದರು. ನಾನು ಅಹಮದಾಬಾದಿಗೆ ವರ್ಗವಾದ ಮೇಲೂ ವಡೋದರಾಕ್ಕೆ ಹೋದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದೆ. ವೈದ್ಯರು ಕರಿದದ್ದು ತಿನ್ನಬಾರದು ಎಂದ ಮೇಲೆ ಅವರು ತಿನ್ನುವುದು ಬಿಟ್ಟರು, ಕರಿಯುವುದು ಬಿಡಲಿಲ್ಲ.

ಹೃದಯ ನಿಂತದ್ದು ನಿದ್ದೆಯಲ್ಲಿ. ಊರಿನಿಂದ ಅವರ ಅಣ್ಣನ ಮಗ ಹೊರಟಿದ್ದ, ಅವನು ಬರುವುದು ಮರುದಿನವಾಗುತ್ತಿತ್ತು. ಕಾಯುವುದು ಬೇಡ, ಅತ್ತೆ ರಾಖಿ ಕಟ್ಟುತ್ತಿದ್ದ ರಮಣೀಕ್‌ಭಾಯಿಯೇ ಮುಂದಿನದನ್ನು ಮಾಡಲಿ ಎಂದು ಅವನೇ ಫೋನಿನಲ್ಲಿ ಹೇಳಿದ. ರಮಣೀಕ್‌ಭಾಯಿ ಮಾಡಿದರು. ಸ್ಮಶಾನದ ಗುಮಾಸ್ತ ಸಂಬಂಧ ಕೇಳಿದಾಗ ಅವರು "ಭಾಯಿ" ಎಂದರು, ಅವನು ಬರೆದುಕೊಂಡ.

ಚಿತೆ ಹತ್ತಿಕೊಂಡ ಮೇಲೆ ನಾವಿಬ್ಬರೂ ಪಕ್ಕದ ಕಟ್ಟೆಯ ಮೇಲೆ ಕೂತೆವು. ಜನ ಒಬ್ಬೊಬ್ಬರಾಗಿ ಹೋಗುತ್ತಿದ್ದರು. ರಮಣೀಕ್‌ಭಾಯಿ ಬೆಂಕಿಯ ಕಡೆ ನೋಡುತ್ತಲೇ ಕೇಳಿದರು.

"ಆ ದಿನ ಮೀಟಿಂಗಿನಲ್ಲಿ ನೀನಿದ್ದೆ, ಅಲ್ಲವೇ?"

"ಇದ್ದೆ."

"ಬೆನ್‌ಗೆ ಅದನ್ನು ಹೇಳುವುದು ಸುಲಭವಾಗಿತ್ತಾ? ಅವರನ್ನು ಒಂದು ದಿನವೂ ಕೇಳಲಿಲ್ಲ ನಾನು. ಸುಲಭವಾಗೇ ಇತ್ತು ಅಂದುಕೊಂಡಿದ್ದೆ."

ನಾನು ನಡೆದದ್ದನ್ನು ಹೇಳಿದೆ. ಮೀಟಿಂಗ್ ಮುಗಿಸಿ ಕೆಳಗೆ ಬಂದ ಮೇಡಂ ಸ್ಕೂಟರುಗಳನ್ನು ನಿಲ್ಲಿಸುವ ಕಡೆ ಒಂದು ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಅವರಿಗೆ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಆಗಲಿಲ್ಲ, ನಾನು ತೆಗೆದುಕೊಟ್ಟೆ. ಅವರು ಆಡಿದ ಮೊದಲ ಮಾತು: "ತಮ್ಮಾ, ರಮಣೀಕ್‌ಭಾಯಿಗೆ ಫೋನ್ ಹಚ್ಚು. ಉಂಡಾನೇನು ಕೇಳು. ನಾ ಕೇಳಿದೆ ಅಂತ ಹೇಳಬ್ಯಾಡ."

"ಹೌದು, ನೀನು ಫೋನ್ ಮಾಡಿದ್ದೆ" ಎಂದರು ರಮಣೀಕ್‌ಭಾಯಿ. "ಊಟ ಆಯಿತಾ ಅಂತ ಕೇಳಿದೆ. ಈ ಹುಡುಗನಿಗೆ ಇವತ್ತು ಇದೇ ಸಿಕ್ಕಿತಾ ಅಂತ ಸಿಟ್ಟು ಬಂತು. ಆಯಿತು ಅಂದು ಇಟ್ಟುಬಿಟ್ಟೆ."

"ಅದನ್ನೇ ಹೇಳಿದೆ ಅವರಿಗೆ. ಸುಳ್ಳು ಹೇಳುತ್ತಾನೆ ಅಂದರು. ಆಮೇಲೆ ತಾವೇ ಯಾರಿಗೋ ಫೋನ್ ಮಾಡಿದರು. ನಾನು ಕಾರು ಕರೆಯಲು ಹೋಗಿದ್ದೆ, ಯಾರಿಗೆ ಅಂತ ಕೇಳಿಸಲಿಲ್ಲ."

ರಮಣೀಕ್‌ಭಾಯಿ ನನ್ನ ಕಡೆ ತಿರುಗಿದರು.

"ಕಾಂತಾಬೆನ್‌ಗೆ" ಎಂದರು. "ಆ ಸಂಜೆ ಕಾಂತಾಬೆನ್ ಖಿಚಡಿ, ಕಢಿ ತಂದಿದ್ದಳು. ನಮ್ಮ ಮನೆಗೆ ಅವಳು ಅದಕ್ಕೆ ಮುಂಚೆ ಯಾವತ್ತೂ ಬಂದವಳಲ್ಲ. ಮನೆಯಲ್ಲಿ ಜಾಸ್ತಿ ಆಯಿತು ಅಂದಳು. ಅಡಾಜಣ್‌ನಿಂದ ಅಷ್ಟು ದೂರ, ಆಟೋದಲ್ಲಿ, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು. ಬೆಳಿಗ್ಗೆಯಿಂದ ನಾನೂ ನನ್ನ ಹೆಂಡತಿಯೂ ಏನೂ ತಿಂದಿರಲಿಲ್ಲ. ನಾವು ಉಂಡು ಮುಗಿಸುವ ತನಕ ಅವಳು ಎದುರಿಗೇ ಕೂತಿದ್ದಳು."